ಮಾತ್ರೆಯಲ್ಲಿ ಸತು ಎಷ್ಟಿದೆ?

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಭೇದಿ ಶುರುವಾದರೆ ಡಾಕ್ಟರು ಓಆರ್‌ಎಸ್ ಜೊತೆಗೆ ಒಂದು ಸಣ್ಣ ಮಾತ್ರೆಯನ್ನೂ ಬರೆದುಕೊಡುತ್ತಾರೆ. ಚಮಚದ ನೀರಿಗೆ ಹಾಕಿದರೆ ಕರಗಿಬಿಡುತ್ತದೆ. ಅದೇ ಸತುವಿನ ಮಾತ್ರೆ, ಜಿಂಕ್ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತು, ಅದಕ್ಕಿಂತ ಚಿಕ್ಕ ಕೂಸಿಗೆ 10. ಭೇದಿ ನಿಂತರೂ 10ರಿಂದ 14 ದಿನ ಕೊಡಬೇಕು.

ಮಾತ್ರೆಯ ಸ್ಟ್ರಿಪ್ ಮೇಲೆ 20 ಮಿಲಿಗ್ರಾಂ ಅಂತ ಅಚ್ಚಾಗಿರುತ್ತದೆ. ಒಳಗೆ ನಿಜವಾಗಿ ಅಷ್ಟಿದೆಯೇ? ಮಾತ್ರೆಯನ್ನು ಸುಮ್ನೆ ತೂಗಿದರೆ ಗೊತ್ತಾಗದು. ಅದರ ತೂಕದಲ್ಲಿ ಜಾಸ್ತಿ ಪಾಲು ಸಿಹಿ, ರುಚಿ ಮತ್ತು ಮಾತ್ರೆಗೆ ಆಕಾರ ಕೊಡುವ ಪುಡಿಗಳದ್ದು. ಸತುವನ್ನಷ್ಟೇ ಅಳೆಯಲು ಇರುವ ಒಂದು ದಾರಿ ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೋಮೆಟ್ರಿ. ಲ್ಯಾಬಿನವರು ಎಎಎಸ್ ಅನ್ನುತ್ತಾರೆ.

ಈ ವಿಧಾನಕ್ಕೆ ಈಗಿನ ರೂಪ ಕೊಟ್ಟವರು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಲನ್ ವಾಲ್ಷ್. ಉರಿಗೆ ಬಿದ್ದ ಲೋಹ ಎಷ್ಟು ಬೆಳಕು ಚೆಲ್ಲುತ್ತದೆ ಎಂದು ಅಳೆಯುವುದೇ ಆಗಿನ ರೂಢಿ. ಎಷ್ಟು ಬೆಳಕು ಹೀರುತ್ತದೆ ಎಂದು ಯಾಕೆ ನೋಡಬಾರದು ಅನ್ನುವುದು ವಾಲ್ಷ್ ಅವರ ಪ್ರಶ್ನೆ. 1952ರ ಒಂದು ಭಾನುವಾರ, ಮನೆಯ ತೋಟದಲ್ಲಿ ಕೆಲಸ ಮಾಡುವಾಗ ಹೊಳೆದದ್ದಂತೆ. ಪ್ರಬಂಧ ಪ್ರಕಟವಾದದ್ದು 1955ರಲ್ಲಿ.

ಜಾಣತನವೆಲ್ಲ ಇರುವುದು ದೀಪದಲ್ಲಿ. ಸತು ಅಳೆಯಬೇಕಾದರೆ ದೀಪದ ಒಳಗಿನ ಪುಟ್ಟ ಬಟ್ಟಲೂ ಸತುವಿನದೇ. ಅದರಿಂದ ಹೊರಡುವುದು ಸತುವಿನ ಬೆಳಕು, ಅಲೆಯುದ್ದ 213.9 ನ್ಯಾನೋಮೀಟರ್. ಕಣ್ಣಿಗೆ ಕಾಣದ ಬೆಳಕದು. ಗಾಳಿ ಮತ್ತು ಅಸಿಟಿಲೀನ್ ಸೇರಿ ಉರಿಯುವ, ಸುಮಾರು 2300 ಡಿಗ್ರಿ ಶಾಖದ ಜ್ವಾಲೆಯ ಮೂಲಕ ಅದನ್ನು ಹಾಯಿಸುತ್ತಾರೆ. ಮಾತ್ರೆ ಕರಗಿಸಿದ ದ್ರಾವಣವನ್ನು ಆ ಜ್ವಾಲೆಗೆ ಸಿಂಪಡಿಸುತ್ತಾರೆ. ಜ್ವಾಲೆಯಲ್ಲಿ ಸತುವಿನ ಪರಮಾಣುಗಳಿದ್ದರೆ ಆ ಬೆಳಕನ್ನು ಹೀರಿಕೊಳ್ಳುತ್ತವೆ; ಸತು ಹೆಚ್ಚಿದ್ದಷ್ಟೂ ಹೀರಿಕೆ ಹೆಚ್ಚು. ಪಕ್ಕದಲ್ಲಿ ಸೋಡಿಯಂ ಇದ್ದರೂ ಅದು ಈ ಬೆಳಕಿನ ತಂಟೆಗೆ ಬರುವುದಿಲ್ಲ.

ಇನ್ನು ಕೆಲಸದ ಮೇಜಿಗೆ ಬರೋಣ. 20 ಮಾತ್ರೆ ತೂಗಿ, ಅರೆದು, ಒಂದು ಮಾತ್ರೆಯ ತೂಕದಷ್ಟು ಪುಡಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಸೋಸಿ 100 ಮಿಲಿಲೀಟರ್ ಮಾಡುತ್ತಾರೆ. ಮಾತ್ರೆಯಲ್ಲಿ 20 ಮಿಲಿಗ್ರಾಂ ಇದ್ದರೆ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಸತು ಆಯಿತು. ಯಂತ್ರಕ್ಕೆ ಇದು ವಿಪರೀತ ಜಾಸ್ತಿ. ಹಾಗಾಗಿ ಅದರಲ್ಲಿ ಒಂದೇ ಒಂದು ಮಿಲಿಲೀಟರ್ ಪಿಪೆಟ್‌ನಲ್ಲಿ ತೆಗೆದು 250ಕ್ಕೆ ತುಂಬಿಸುತ್ತಾರೆ. ಈಗ ಬರಬೇಕಾದ್ದು ಮಿಲಿಲೀಟರಿಗೆ 0.8 ಮೈಕ್ರೋಗ್ರಾಂ. ಸತು ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣಗಳನ್ನು ಯಂತ್ರದಲ್ಲಿ ಓಡಿಸಿ, ಗ್ರಾಫ್‌ನಲ್ಲಿ ಗೆರೆ ಎಳೆದುಕೊಂಡು ಅದರ ಮೇಲೆ ಓದುತ್ತಾರೆ. 0.72 ಬಂತು ಅನ್ನಿ, ಮಾತ್ರೆಯಲ್ಲಿ 18 ಮಿಲಿಗ್ರಾಂ. ಸಾಮಾನ್ಯವಾಗಿ ಒಪ್ಪುವ ಶೇಕಡಾ 90ರ ಅಂಚು ಅದು. 0.68 ಬಂದರೆ ಆ ಮಾತ್ರೆ ಫೇಲ್.

ಈ ಕೆಲಸದಲ್ಲಿ ದೊಡ್ಡ ಕಾಟ ಸತುವಿನದೇ. ರಬ್ಬರಿನಲ್ಲಿ ಸತು, ಧೂಳಿನಲ್ಲಿ ಸತು, ಸತು ಲೇಪಿಸಿದ ಪೈಪಿನ ನೀರಿನಲ್ಲೂ ಸತು. ಗಾಜಿನ ಪಾತ್ರೆಗಳನ್ನು ಆಮ್ಲದಲ್ಲಿ ನೆನೆಹಾಕಿ ತೊಳೆಯದಿದ್ದರೆ, ಮಾತ್ರೆಯಲ್ಲಿ ಇಲ್ಲದ ಸತುವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಮಾತ್ರೆ ಹಾಕದ ಖಾಲಿ ದ್ರಾವಣವನ್ನೂ ಓಡಿಸುವುದು. ನನ್ನನ್ನು ಕೇಳಿದರೆ ಲ್ಯಾಬಿನ ವರದಿಯಲ್ಲಿ ಮೊದಲು ನೋಡಬೇಕಾದ್ದು ಈ ಖಾಲಿಯ ಅಂಕಿ.

ಯಂತ್ರಕ್ಕೆ ಒಂದು ಕುರುಡೂ ಇದೆ. ಅದು ಕಾಣುವುದು ಸತುವನ್ನು ಮಾತ್ರ. ಮಾತ್ರೆಗೆ ಸತುವಿನ ಸಲ್ಫೇಟ್ ಬದಲು ಸತುವಿನ ಆಕ್ಸೈಡ್ ಹಾಕಿದ್ದರೂ ಆಮ್ಲದಲ್ಲಿ ಕರಗಿದ ಮೇಲೆ ಎರಡೂ ಒಂದೇ. ಹಾಗಾಗಿ ಸಲ್ಫೇಟ್ ಹೌದೋ ಅಲ್ಲವೋ ಎಂದು ಬೇರೆಯೇ ಪರೀಕ್ಷೆ ಮಾಡಬೇಕು.

ಲೋಹವೇ ಇಲ್ಲದ ಔಷಧಿಗಳ ಗತಿ? ಅದಕ್ಕೂ ಒಂದು ಉಪಾಯ ಹೂಡಿದ್ದಾರೆ. ಸಾರಜನಕ ಇರುವ ಕೆಲವು ಔಷಧಿಗಳನ್ನು ಕ್ರೋಮಿಯಂ ಇರುವ ಒಂದು ಲವಣದೊಂದಿಗೆ ಸೇರಿಸಿದರೆ ಜೋಡಿಯಾಗಿ ತಳಕ್ಕೆ ಕೂರುತ್ತವೆ. ಜೊತೆಗೆ ಬಂದ ಕ್ರೋಮಿಯಂ ಅಳೆದರೆ ಔಷಧಿಯ ಲೆಕ್ಕ ಸಿಕ್ಕಿತು. ಚೆನ್ನಾಗಿದೆ, ಅಲ್ವಾ? ಆದರೆ ದಿನನಿತ್ಯದ ಪರೀಕ್ಷೆಗೆ ಇದು ಸುತ್ತುಬಳಸಿನ ದಾರಿ. ಅಂಥ ಔಷಧಿಗಳನ್ನು ಈಗ ಹೆಚ್ಚಾಗಿ, ದ್ರಾವಣದಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲೇ ಅಳೆಯುತ್ತಾರೆ. ಸತು, ಕಬ್ಬಿಣ, ಲಿಥಿಯಂನಂಥ ಲೋಹದ ಮಾತ್ರೆಗಳು ಬಂದಾಗ ಎಎಎಸ್‌ನ ಜ್ವಾಲೆ ಹೊತ್ತಿಸುತ್ತಾರೆ.

ನಮಸ್ಕಾರ.