ಬ್ಯಾಟರಿಗೂ ಒಂದು ಪಾಸ್‌ಪೋರ್ಟ್

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿ. ಆದರೆ ಅದು ಎಲ್ಲಿಂದ ಬಂತು, ಅದರಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಅಂತ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

2024ರಲ್ಲಿ ವೋಲ್ವೋ ಕಂಪನಿ ತನ್ನ ಇಎಕ್ಸ್90 ಕಾರಿಗೆ ಬ್ಯಾಟರಿ ಪಾಸ್‌ಪೋರ್ಟ್ ಕೊಟ್ಟಿತು. ಡ್ರೈವರ್ ಬಾಗಿಲಿನ ಒಳಬದಿಯಲ್ಲಿ ಒಂದು ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ಬ್ಯಾಟರಿಗೆ ಬಳಸಿದ ಕಚ್ಚಾವಸ್ತು ಎಲ್ಲಿಯದು, ಅದರಲ್ಲಿ ಮರುಬಳಕೆಯ ಪಾಲೆಷ್ಟು ಅನ್ನೋದು ಮೊಬೈಲಿನಲ್ಲಿ ಕಾಣುತ್ತದೆ. ಬ್ಯಾಟರಿಯ ಆರೋಗ್ಯದ ವಿವರವೂ 15 ವರ್ಷ ಸಿಗುತ್ತದೆ. ಇದರ ಹಿಂದೆ ಇರುವುದು ಬ್ಲಾಕ್‌ಚೈನ್.

ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್ ಮಾತ್ರ ಅಲ್ಲ. ಚೀಟಿ ವ್ಯವಹಾರ ಗೊತ್ತಲ್ವಾ? ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇರದೆ, ಸದಸ್ಯರೆಲ್ಲರ ಹತ್ತಿರ ಒಂದೊಂದು ಪ್ರತಿ ಇದ್ದ ಹಾಗೆ. ಹೊಸ ನಮೂದು ಹಳೆಯದಕ್ಕೆ ಬೆಸೆದುಕೊಂಡಿರುತ್ತದೆ. ಹಿಂದಿನದನ್ನು ಯಾರಾದರೂ ತಿದ್ದಿದರೆ ಉಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಗಣಿ, ಸಂಸ್ಕರಣಾ ಘಟಕ, ಕಾರ್ಖಾನೆ, ಶೋರೂಮ್, ಗುಜರಿ ಇವೆಲ್ಲ ಬೇರೆ ಬೇರೆ ಕೈಗಳು, ಬೇರೆ ಬೇರೆ ದೇಶಗಳು. ಒಬ್ಬರನ್ನೊಬ್ಬರು ನಂಬಲು ಕಷ್ಟವಾಗುವ ಕಡೆಯೇ ಇಂಥ ಲೆಕ್ಕ ಬೇಕಾಗುವುದು.

ಬ್ಯಾಟರಿಗೆ ಬಳಸುವ ಕೋಬಾಲ್ಟ್ ಅನ್ನೋ ಲೋಹದ ವಿಚಾರ ನೋಡಿ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೆಲವು ಸಣ್ಣ ಗಣಿಗಳಲ್ಲಿ ಮಕ್ಕಳೂ ಮಣ್ಣು ಅಗೆಯುತ್ತಾರೆ. ಅಂಥ ಗಣಿಯ ಅದಿರಿನ ಮೂಟೆಗೆ ಒಳ್ಳೆಯ ಗಣಿಯ ಚೀಟಿ ಅಂಟಿಸಿಬಿಟ್ಟರೆ? ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಹಾಗಾಗಿ ಗಣಿಯ ಬಾಯಲ್ಲೇ ನಿಂತು ಪರೀಕ್ಷಿಸುವ ಮನುಷ್ಯ ಬೇಕೇ ಬೇಕು. ತಂತ್ರಜ್ಞಾನ ಮಾರುವವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

2027ರ ಫೆಬ್ರವರಿ 18ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆ ಪಾಸ್‌ಪೋರ್ಟ್ ಕಡ್ಡಾಯ. ಬ್ಲಾಕ್‌ಚೈನನ್ನೇ ಬಳಸಿ ಅಂತ ಕಾನೂನು ಹೇಳಿಲ್ಲ. ಅದಕ್ಕೆ ಬೇಕಿರುವುದು ನಂಬುವಂಥ ದಾಖಲೆ. ಹಳೆ ಬ್ಯಾಟರಿಯನ್ನು ಸೋಲಾರ್ ವಿದ್ಯುತ್ ತುಂಬಿಡಲು ಮತ್ತೆ ಬಳಸಿದರೆ ಅದಕ್ಕೆ ಹೊಸ ಪಾಸ್‌ಪೋರ್ಟ್, ಅದೂ ಹಳೆಯದಕ್ಕೆ ಜೋಡಿಸಿದ್ದು.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಬ್ಯಾಟರಿ ಬಿಚ್ಚುವ ಕೆಲಸಗಾರರು. ಒಳಗೆ ಯಾವ ರಾಸಾಯನಿಕ ಇದೆ, ಎಷ್ಟು ಚಾರ್ಜ್ ಉಳಿದಿದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಬೆಂಕಿ ಹತ್ತಬಹುದು. ನಮ್ಮ ದೇಶದಲ್ಲೂ 2022ರ ನಿಯಮಗಳು ಹಳೆ ಬ್ಯಾಟರಿ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ. ಆ ಹೊಣೆಯ ಜೊತೆಗೆ ಈ ವಿವರವೂ ಗುಜರಿ ಅಂಗಳದ ತನಕ ಬರಬೇಕು, ಬಿಚ್ಚುವವರು ಓದಬಲ್ಲ ಭಾಷೆಯಲ್ಲಿ.

ನಮಸ್ಕಾರ.