ಕ್ಯಾಮೆರಾ ಕೆಟ್ಟಿದೆ ಅಂತ ಹೈದರಾಬಾದ್‌ಗೆ ಹೊರಡುವ ಮುಂಚೆ

[ಕಲಬುರಗಿ ಕೋಟೆ, ಗೋಡೆಯ ನೆರಳು, ಕೈಯಲ್ಲಿ ಕ್ಯಾಮೆರಾ]

ನಮಸ್ಕಾರ್ರಿ. ಬೇಸಿಗೆ ಬಂತಂದ್ರೆ ಎಲ್ಲರದ್ದೂ ಒಂದೇ ಪ್ರಶ್ನೆ. ವಿಡಿಯೋ ಮಾಡುವಾಗ ಕ್ಯಾಮೆರಾ ತಾನಾಗೇ ಆಫ್ ಆಗುತ್ತದೆ, ಕೆಟ್ಟಿದೆಯಾ? ಕೆಟ್ಟಿಲ್ಲ, ಬಿಸಿಯಾಗಿದೆ ಅಷ್ಟೇ. ಜೊತೆಗೆ ಬಂದ ಪುಸ್ತಕ ನೋಡಿ, ಹೆಚ್ಚಿನ ಕ್ಯಾಮೆರಾಗಳು 0ಯಿಂದ 40 ಡಿಗ್ರಿವರೆಗಿನ ಬಳಕೆಗೆ ಅಂತ ಬರೆದಿರುತ್ತದೆ. ನಮ್ಮೂರಲ್ಲಿ ಮೇ ತಿಂಗಳಲ್ಲಿ 40 ಇದ್ದರೆ ಇವತ್ತು ಪರವಾಗಿಲ್ಲ ಅಂತೀವಿ! 4ಕೆ ಬಿಟ್ಟು ಫುಲ್ ಎಚ್‌ಡಿಗೆ ಇಳಿಸಿ, ಸ್ಕ್ರೀನ್ ಹೊರಗೆ ತಿರುಗುವಂಥದ್ದಾದರೆ ಬಾಡಿಯಿಂದ ದೂರ ತೆಗೆದಿಡಿ, ಮಧ್ಯೆ ಮಧ್ಯೆ ಆಫ್ ಮಾಡಿ ನೆರಳಲ್ಲಿ ಬಿಡಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ ತೆಗೆದ ಕೂಡಲೇ ತೇವ ಕಟ್ಟುತ್ತದೆ, ಆಗ ನಿಜವಾಗಲೂ ಕೆಡುತ್ತದೆ.

[ಆಕಾಶದ ಫೋಟೋ, ಮೂಲೆಯಲ್ಲಿ ಕಪ್ಪು ಚುಕ್ಕೆ]

ಈ ಚುಕ್ಕೆ ಧೂಳು. ತೊಗರಿ ರಾಶಿ ನಡೆಯುವ ಹೊಲದಲ್ಲಿ ನಿಂತು ಲೆನ್ಸ್ ಬದಲಿಸಿದರೆ ಇನ್ನೇನಾಗುತ್ತದೆ? ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂದ್ರೆ ಅಪರ್ಚರ್, ಎಫ್ 16ಕ್ಕೆ ಕಿರಿದು ಮಾಡಿ ಖಾಲಿ ಆಕಾಶದ ಫೋಟೋ ತೆಗೆಯಿರಿ. ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಧೂಳು ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲಿದೆ. ಮೊದಲು ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಹಾಕಿ. ಹೋಗದಿದ್ದರೆ ಅದೇ ಮೆನುವಿನ ಮ್ಯಾನುವಲ್ ಕ್ಲೀನಿಂಗ್ ಆನ್ ಮಾಡಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಉಗುಳು ಬೀಳುತ್ತದೆ.

[ಮೇಜಿನ ಮೇಲೆ ಬಿದ್ರಿ ಹೂಜಿ]

ಇದು ನನಗೆ ಇಷ್ಟವಾದ ಪ್ರಾಬ್ಲಂ. ಬೀದರ್‌ನಲ್ಲಿ ಬಿದ್ರಿ ಸಾಮಾನು ಮಾರುವವರು ಫೋಟೋ ತೆಗೆದು ಆನ್‌ಲೈನ್‌ಗೆ ಹಾಕುತ್ತಾರೆ, ಕೋಟೆ ಮಣ್ಣು ಹಚ್ಚಿ ತರಿಸಿದ ಆ ಕಡುಗಪ್ಪು ಬಣ್ಣ ಫೋಟೋದಲ್ಲಿ ಬೂದಿ ಬಣ್ಣ ಆಗಿರುತ್ತದೆ, ಬೆಳ್ಳಿ ಕುಸುರಿ ಬರೀ ಬಿಳಿ. ಲೆನ್ಸ್ ಸರಿ ಇಲ್ಲ ಅಂತ ಲೆನ್ಸಿಗೇ ಬೈಗುಳ. ಅಸಲಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಕಪ್ಪು ಅಂದ್ರೆ ಕತ್ತಲೆ ಅಂತ ಅನಿಸುತ್ತದೆ, ಪಾಪ, ಬೆಳಕು ಜಾಸ್ತಿ ಮಾಡಿಬಿಡುತ್ತದೆ. ಪ್ಲಸ್-ಮೈನಸ್ ಇರುವ ಬಟನ್ ಒತ್ತಿ ಮೈನಸ್ 1ಕ್ಕೆ ತನ್ನಿ, ಸಾಲದಿದ್ದರೆ ಮೈನಸ್ 2. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಕೆಲಸ ಮುಗಿದ ಮೇಲೆ ಸೊನ್ನೆಗೆ ತರೋದು ಮರೆತರೆ, ಮರುದಿನ ಮದುವೆ ಫೋಟೋ ಎಲ್ಲಾ ಕಪ್ಪು!

ಫೋಕಸ್ ಆಗ್ತಿಲ್ಲವಾ? ಲೆನ್ಸ್ ಪಕ್ಕದ ಸ್ವಿಚ್ ಎಂಎಫ್‌ಗೆ, ಅಂದ್ರೆ ಕೈಯಿಂದ ಫೋಕಸ್ ಮಾಡುವ ಮ್ಯಾನುವಲ್ ಫೋಕಸ್‌ಗೆ, ಜಾರಿದೆಯಾ ನೋಡಿ. ಕಾರ್ಡ್ ಲಾಕ್ ಅಂತ ತೋರಿಸಿದರೆ ಅದರ ಎಡಗಡೆಯ ಸಣ್ಣ ಗುಂಡಿ ಮೇಲೆ ತಳ್ಳಿ. ಆದರೆ ಕಾರ್ಡ್ ಎರರ್ ಬಂದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಕಂಪ್ಯೂಟರ್‌ನಲ್ಲಿ ರಿಕವರಿ ಮಾಡಿ, ಸಿಕ್ಕಿದ್ದೆಲ್ಲ ಕಾಪಿ ಮಾಡಿಕೊಂಡ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮತ್ತೆ ಅದೇ ಎರರ್ ಬಂದರೆ ಆ ಕಾರ್ಡ್ ಬಿಸಾಕಿ.