ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ

ಎಲ್ಲರಿಗೂ ನಮಸ್ಕಾರ. ವಯಸ್ಸಾದವರಿಗೆ ಹೋಮ್ ಆರಿಸುವಾಗ ಏನು ನೋಡಬೇಕು, ಏನು ಕೇಳಬೇಕು ಅನ್ನುವುದೇ ಇವತ್ತಿನ ಮಾತು. ಫ್ಯಾನಿನ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ನಾನೇ ಗಂಟಲು ಎತ್ತರಿಸುತ್ತೇನೆ. ಇಲ್ಲಿ ಕೆಲವರು ಅಪ್ಪ ಅಮ್ಮನಿಗಾಗಿ ಬಂದಿದ್ದೀರಿ. ಕೆಲವರು ನಿಮಗಾಗಿಯೇ ಬಂದಿದ್ದೀರಿ. ಎರಡನೆಯವರು ಜಾಣರು. ಕೈಕಾಲು ಗಟ್ಟಿ ಇರುವಾಗ ಹೋಗಿ ನೋಡಿ ಬರುವುದಕ್ಕೂ, ಆಸ್ಪತ್ರೆಯವರು ನಾಳೆ ಡಿಸ್ಚಾರ್ಜ್ ಅಂದ ಮೇಲೆ ಹುಡುಕಲು ಓಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ 18 ವರ್ಷಗಳಿಂದ ವಯಸ್ಸಾದವರನ್ನು ನಡೆಸುವುದೇ ನನ್ನ ಕೆಲಸ. ಎಷ್ಟೋ ಹೋಮ್‌ಗಳಿಗೆ ವಾರಕ್ಕೆರಡು ಸಲ ಹೋಗಿ ಬಂದಿದ್ದೇನೆ. ಇಷ್ಟೆಲ್ಲ ನೋಡಿದ ನಾನೇ ನಮ್ಮ ಅತ್ತೆಯ ವಿಷಯದಲ್ಲಿ ಮೋಸ ಹೋದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅತ್ತೆಗೆ ಆಗ 82. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವವರು. ನಾಲ್ಕು ಹೋಮ್ ನೋಡಿ ಒಂದನ್ನು ಆರಿಸಿದೆವು. ಬಾಗಿಲಲ್ಲೇ ನೀರಿನ ಕಾರಂಜಿ, ನಡುವೆ ಗಣಪತಿ, ಹಚ್ಚಗಿನ ಹುಲ್ಲುಹಾಸು. ರಿಸೆಪ್ಷನ್‌ನಲ್ಲಿ ಕೂತ ಹುಡುಗಿ ನಮಗೆ ಬಾದಾಮಿ ಹಾಲು ಕೊಟ್ಟಳು. ಆರು ವಾರ ಆದ ಮೇಲೆ ಒಂದು ದಿನ ಅತ್ತೆಯ ಕೈ ಹಿಡಿದಾಗ ಬಳೆ ಮೊಣಕೈವರೆಗೆ ಜಾರಿತು. ತೂಕ ನೋಡಿಸಿದೆ. ಹೋಗುವಾಗ 52 ಕಿಲೋ ಇದ್ದವರು 48ಕ್ಕೆ ಇಳಿದಿದ್ದರು.

ಕಾರಣ ಏನು ಗೊತ್ತಾ? ಕೆಳಗಿನ ಹಲ್ಲಿನ ಸೆಟ್ ಕಳೆದುಹೋಗಿತ್ತು. ಪೇಪರ್ ನ್ಯಾಪ್ಕಿನ್‌ನಲ್ಲಿ ಸುತ್ತಿಟ್ಟಿದ್ದರು, ಯಾರೋ ತಟ್ಟೆಯ ಜೊತೆ ಕಸಕ್ಕೆ ಹಾಕಿದ್ದರು. ಮೂರು ವಾರ ಅಗಿಯಲು ಆಗದೆ ಚಪಾತಿಯನ್ನು ಹಾಗೇ ವಾಪಸು ಕಳಿಸಿದ್ದಾರೆ. ತಟ್ಟೆ ಇಡುವವರು ಒಬ್ಬರು, ತೆಗೆಯುವವರು ಇನ್ನೊಬ್ಬರು. ತುಂಬಿದ ತಟ್ಟೆ ಯಾಕೆ ಹಾಗೇ ಬಂತು ಅಂತ ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಅತ್ತೆ ಹೇಳಲಿಲ್ಲವಾ ಅಂತ ಕೇಳುತ್ತೀರಿ. "ಅವರಿಗ್ಯಾಕೆ ತೊಂದರೆ, ಸುಮ್ನಿರು" ಅಂದರು. ನಮ್ಮ ಹಿರಿಯರ ಅಭ್ಯಾಸವೇ ಅದು ಅಲ್ವಾ?

ಹಾಗಾಗಿ ನೀವು ಕೇಳಬೇಕಾದ ಮೊದಲ ಪುಸ್ತಕ ತೂಕದ ಪುಸ್ತಕ. ಪ್ರತಿ ತಿಂಗಳು ತೂಕ ನೋಡಿ ಬರೆಯುತ್ತೀರಾ, ತೋರಿಸಿ ಅನ್ನಿ. ಒಂದು ತಿಂಗಳಲ್ಲಿ ನೂರಕ್ಕೆ 5, ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ತಾನಾಗಿಯೇ ಇಳಿದರೆ ಅದು ಎಚ್ಚರಿಕೆಯ ಗಂಟೆ. ಡಾಕ್ಟರಿಗೆ ಹೇಳಲೇಬೇಕು. ವಯಸ್ಸಾದ ಮೇಲೆ ಸಣ್ಣ ಆಗುವುದು ಸಹಜ ಅಂತ ಯಾರಾದರೂ ನಕ್ಕರೆ ಅಲ್ಲಿಂದ ಎದ್ದು ಬನ್ನಿ.

ಈಗ ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ ಎಲ್ಲಕ್ಕೂ ವೃದ್ಧಾಶ್ರಮ ಅಂದುಬಿಡುತ್ತೇವೆ. ಆದರೆ ಗಟ್ಟಿಮುಟ್ಟಾಗಿರುವವರು ಫ್ಲಾಟ್ ಕೊಂಡು ಇರುವ ಕಡೆ ಬೇರೆ. ಮೂಗಿನ ಕೊಳವೆ, ಗಾಯದ ಡ್ರೆಸಿಂಗ್ ಎಲ್ಲ ಬೇಕಾದವರ ಜಾಗ ಬೇರೆ. ಇವೆರಡರ ನಡುವೆ ಇರುವುದು ಅಸಿಸ್ಟೆಡ್ ಲಿವಿಂಗ್. ಆಸ್ಪತ್ರೆ ಬೇಡ, ಆದರೆ ಒಬ್ಬರ ಕೈ ಬೇಕು. ಯಾವ ಕೆಲಸಕ್ಕೆ ಎಷ್ಟು ಕೈ ಬೇಕು ಅಂತ ಅಳೆಯಲು ಸಿಡ್ನಿ ಕಾಟ್ಜ್ ಅನ್ನುವ ಅಮೆರಿಕದ ವೈದ್ಯರು 1963ರಲ್ಲಿ ಒಂದು ಅಳತೆ ಕೊಟ್ಟರು. ನಾವು ಇವತ್ತಿಗೂ ಅದನ್ನೇ ಬಳಸುತ್ತೇವೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗಿ ಬರುವುದು, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲೆ ಹಿಡಿತ, ಊಟ. ಆರೇ ಆರು. ಮನೆಯಲ್ಲೇ ಕೂತು ಅಮ್ಮ ಇವುಗಳಲ್ಲಿ ಯಾವುದನ್ನು ತಾವೇ ಮಾಡಿಕೊಳ್ಳುತ್ತಾರೆ ಅಂತ ಬರೆಯಿರಿ. ಆ ಚೀಟಿ ಹಿಡಿದುಕೊಂಡು ಹೋಗಿ, ಉಳಿದದ್ದನ್ನು ನಿಮ್ಮಲ್ಲಿ ಯಾರು, ಎಷ್ಟು ಗಂಟೆಗೆ ಮಾಡುತ್ತಾರೆ ಅಂತ ಕೇಳಿ. "ಎಲ್ಲಾ ನೋಡ್ಕೋತೀವಿ ಸಾರ್" ಅನ್ನುವುದು ಉತ್ತರ ಅಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರದ ತಪಾಸಣಾ ಸಂಸ್ಥೆ ಒಂದೊಂದು ಹೋಮಿಗೂ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಯಾರು ಬೇಕಾದರೂ ನೋಡಬಹುದು. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ, ಅಂದರೆ ನಮ್ಮಲ್ಲಿಯ ಹಾಗೆ ಸಣ್ಣ ಆಸ್ಪತ್ರೆ ಅಲ್ಲ, ನರ್ಸ್ ಆರೈಕೆ ಬೇಕಾದವರು ಇರುವ ಹೋಮ್‌ಗಳಿಗೆ, ಐದು ನಕ್ಷತ್ರದ ಲೆಕ್ಕ ಇದೆ, ಆದರೆ ಅಲ್ಲೂ ಅಸಿಸ್ಟೆಡ್ ಲಿವಿಂಗ್ ಆ ಲೆಕ್ಕದಿಂದ ಹೊರಗೆ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ವೃದ್ಧಾಶ್ರಮದ ಮಾತಾಡುವುದು ಹೆಚ್ಚಾಗಿ ಗತಿಯಿಲ್ಲದವರಿಗಾಗಿ. ಜಿಲ್ಲೆಗೊಂದಾದರೂ ಇರಲಿ, ಕನಿಷ್ಠ 150 ಜನರಿಗೆ ಜಾಗ ಇರಲಿ ಅನ್ನುತ್ತದೆ. 2019ರಲ್ಲಿ ಕೇಂದ್ರದ ವಸತಿ ಇಲಾಖೆ ನಿವೃತ್ತರ ವಸತಿಗಳಿಗೆ ಒಂದು ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾದರಿ ಅಂದರೆ ಮಾದರಿ ಅಷ್ಟೇ. ಸದ್ಯಕ್ಕೆ ಇನ್‌ಸ್ಪೆಕ್ಟರ್ ಕೆಲಸ ನೀವೇ ಮಾಡಬೇಕು.

ಇನ್‌ಸ್ಪೆಕ್ಟರ್ ಯಾವಾಗ ಹೋಗಬೇಕು? ಹೇಳದೆ ಹೋಗಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಹೋಮ್‌ಗಳೂ ಚೆನ್ನಾಗಿರುತ್ತವೆ. ಸ್ನಾನ ಆಗಿರುತ್ತದೆ, ತಲೆ ಬಾಚಿರುತ್ತದೆ, ಟೀವಿಯಲ್ಲಿ ಭಜನೆ ಇರುತ್ತದೆ. ಭಾನುವಾರ ಸಂಜೆ ಆರೂವರೆಗೆ ಹೋಗಿ. ರಾತ್ರಿಯ ಊಟ ಆಗಲೇ ಬಡಿಸುತ್ತಿದ್ದರೆ ಗಡಿಯಾರ ನೋಡಿ. ಬೆಳಗಿನ ತಿಂಡಿ ಎಂಟೂವರೆಗೆ ಅಂದರೆ ನಡುವೆ 14 ಗಂಟೆ ಹೊಟ್ಟೆ ಖಾಲಿ. ಅಮೆರಿಕದ ನರ್ಸಿಂಗ್ ಹೋಮ್‌ಗಳ ನಿಯಮದಲ್ಲಿ ಸಾಮಾನ್ಯವಾಗಿ ಇದೇ ಕೊನೆಯ ಗಡಿ. ಅಲ್ಲಿ ಮಿತಿ ಅನಿಸಿಕೊಂಡದ್ದು ಇಲ್ಲಿ ದಿನಚರಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರ ಗತಿ ಯೋಚಿಸಿ. ಅಡುಗೆಯವರು ಬೇಗ ಮನೆಗೆ ಹೊರಡಬೇಕು, ಅದಕ್ಕೆ ಅಜ್ಜಂದಿರು ಬೇಗ ಉಣ್ಣಬೇಕು. ಕಾರಣ ಅಷ್ಟೇ ಇರುತ್ತದೆ.

ಆಮೇಲೆ ಸಿಬ್ಬಂದಿ. ಎಷ್ಟು ಜನ ಇದ್ದೀರಿ ಅಂದರೆ 40 ಅನ್ನುತ್ತಾರೆ. ಅದರಲ್ಲಿ ಮಾಲಿ, ಡ್ರೈವರ್, ಅಕೌಂಟ್ಸ್ ನೋಡುವವರು ಎಲ್ಲ ಸೇರಿರುತ್ತಾರೆ. ಪ್ರಶ್ನೆ ಬದಲಿಸಿ. ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿ ಇರುವವರು ಎಷ್ಟು ಜನ? ಡ್ಯೂಟಿ ಪಟ್ಟಿ ತೋರಿಸಿ ಅನ್ನಿ. ಒಬ್ಬ ಆಯಾ, 22 ಮಂಚ, ಅದರಲ್ಲಿ ಎಂಟು ಜನ ತಾವಾಗಿ ಏಳಲಾರದವರು ಅಂದರೆ ಲೆಕ್ಕ ನೀವೇ ಹಾಕಿ. ಏಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಇಲ್ಲದಿದ್ದರೆ ಹಿಮ್ಮಡಿ, ಬೆನ್ನಿನ ತುದಿ ಕೆಂಪಾಗಿ, ಆಮೇಲೆ ಹುಣ್ಣಾಗುತ್ತದೆ. ಅದಕ್ಕೊಂದು ಚಾರ್ಟ್ ಇರುತ್ತದೆ. ಒಂದು ಕಡೆ ನಾನು ಬೆಳಿಗ್ಗೆ ಹನ್ನೊಂದಕ್ಕೆ ಆ ಚಾರ್ಟ್ ನೋಡಿದೆ. ಸಂಜೆ ನಾಲ್ಕರವರೆಗೆ ಮಗ್ಗಲು ಬದಲಿಸಿ ಆಗಿತ್ತು, ಒಂದೇ ಪೆನ್ನಿನಲ್ಲಿ!

ಬೆಲ್ ಇದೆಯಾ ಅಂತ ನೋಡಿ ಬರುತ್ತಾರೆ ಎಲ್ಲರೂ. ಒತ್ತಿ ನೋಡುವವರು ಕಡಿಮೆ. ಆ ರೂಮಿನ ಅಜ್ಜಿಯನ್ನು ಕೇಳಿಕೊಂಡು ಒತ್ತಿ, ವಾಚ್ ನೋಡಿ. ಒಂದು ಹೋಮಿನಲ್ಲಿ ಬೆಲ್ಲಿನ ದಾರವನ್ನು ಕೈಗೆ ಎಟುಕದ ಹಾಗೆ ಕರ್ಟನ್ ಕಂಬಿಗೆ ಸುತ್ತಿ ಕಟ್ಟಿದ್ದರು. ಆ ರೂಮಿನಲ್ಲಿದ್ದ ಯಜಮಾನರು ಸುಮ್ನೆ ಸುಮ್ನೆ ಒತ್ತುತ್ತಾರಂತೆ. ಸುಮ್ನೆ ಯಾರು ಒತ್ತುತ್ತಾರೆ ಹೇಳಿ? ಭಯಕ್ಕೆ ಒತ್ತುತ್ತಾರೆ.

ಆಯಾಗಳ ಜೊತೆ ಐದು ನಿಮಿಷ ಮಾತಾಡಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ ಮಾತಾಡಿ. ಇಲ್ಲಿಗೆ ಬಂದು ಎಷ್ಟು ದಿನ ಆಯಿತಮ್ಮ ಅಂತ ಕೇಳಿ. ಎಲ್ಲರೂ ಎರಡು ತಿಂಗಳು, ಮೂರು ತಿಂಗಳು ಅಂದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ ಅಂತ ಅರ್ಥ. ನಿಮ್ಮ ಅಪ್ಪನಿಗೆ ಎಡಗಿವಿ ಕೇಳುವುದಿಲ್ಲ ಅನ್ನುವುದು ಒಬ್ಬಳಿಗೆ ಗೊತ್ತಾಗುವಷ್ಟರಲ್ಲಿ ಅವಳು ಹೋಗಿರುತ್ತಾಳೆ. ಎಲ್ಲಿ ಮಲಗುತ್ತೀರಿ, ಏನು ಊಟ ಅಂತಲೂ ಕೇಳಿ. ಹನ್ನೆರಡು ಗಂಟೆ ದುಡಿದು ಮೆಟ್ಟಿಲ ಕೆಳಗೆ ಮಲಗುವವಳ ಕೈಯಲ್ಲಿ ಮೃದುತನ ಎಷ್ಟು ದಿನ ಉಳಿದೀತು? ಎಷ್ಟೋ ಹುಡುಗಿಯರು ರಾಯಚೂರು, ಕಲಬುರಗಿ ಕಡೆಯವರು. ಒಡಿಶಾ, ಅಸ್ಸಾಂನಿಂದ ಬಂದವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಾಳಿಗೆ ಒಬ್ಬರಾದರೂ ನಿಮ್ಮವರ ಭಾಷೆ ಆಡುವವರು ಇರಬೇಕು. ಮರೆವಿನ ಕಾಯಿಲೆ ಬಂದ ಅನೇಕರು ಆಮೇಲೆ ಕಲಿತ ಭಾಷೆ ಬಿಟ್ಟು ಮೊದಲ ಭಾಷೆಗೆ ವಾಪಸಾಗುತ್ತಾರೆ. ನಲವತ್ತು ವರ್ಷ ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್ ಮಾತಾಡಿದ ಒಬ್ಬ ಮೇಡಂ ಕೊನೆಗೆ ತುಳು ಮಾತ್ರ ಆಡುತ್ತಿದ್ದರು. ನೀರು ಬೇಕು ಅಂತ ಕೇಳಿದರೂ ಅಲ್ಲಿ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಗಲಾಟೆ ಮಾಡುತ್ತಾರೆ ಅಂತ ಫೈಲಿನಲ್ಲಿ ಬರೆದಿದ್ದರು.

ಬಚ್ಚಲು ನನ್ನ ಇಲಾಖೆ, ಬೇಗ ಮುಗಿಸುತ್ತೇನೆ. ಗೋಡೆಯ ಹಿಡಿಕೆಗೆ ನಿಮ್ಮ ಪೂರ್ತಿ ಭಾರ ಬಿಟ್ಟು ಜೋತು ನೋಡಿ. ಟವಲ್ ರಾಡನ್ನೇ ಹಿಡಿಕೆ ಅಂತ ತೋರಿಸುವವರಿದ್ದಾರೆ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರ ದೇಹವೇ ಅಡ್ಡ ಬರುತ್ತದೆ. ಹೊಸ್ತಿಲು ಇರಬಾರದು. ಅರಿಸಿನ ಕುಂಕುಮ ಇಡಲು ಹೊಸ್ತಿಲು ಬೇಕು ಅನ್ನುವವರು ಮನೆಯಲ್ಲಿ ಇಟ್ಟುಕೊಳ್ಳಿ, ವಾಕರ್ ಹಿಡಿದವರಿಗೆ ಅದು ಗುಡ್ಡ.

"ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ" ಅಂತ ಹೆಮ್ಮೆಯಿಂದ ಹೇಳುವ ಕಡೆ ನನಗೆ ಭಯ ಆಗುತ್ತದೆ. ಈ ವಯಸ್ಸಿನ ಅಷ್ಟು ಜನ ಓಡಾಡಿದರೆ ಯಾವಾಗಲಾದರೂ ಒಬ್ಬರು ಬೀಳುತ್ತಾರೆ. ಯಾರೂ ಬೀಳುತ್ತಿಲ್ಲ ಅಂದರೆ ಒಂದೋ ಸುಳ್ಳು, ಇಲ್ಲವೇ ಯಾರನ್ನೂ ಏಳಲು ಬಿಡುತ್ತಿಲ್ಲ. ಕುರ್ಚಿಗೆ ದುಪಟ್ಟಾದಲ್ಲಿ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ನಿದ್ದೆ ಮಾತ್ರೆಯಲ್ಲಿ ಕಟ್ಟುವವರೂ ಇದ್ದಾರೆ, ಆ ಗಂಟು ಕಣ್ಣಿಗೆ ಕಾಣುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಅರ್ಧ ಜನ ತೂಕಡಿಸುತ್ತಿದ್ದರೆ ಮಾತ್ರೆಗಳ ಪಟ್ಟಿ ಯಾರು ಬರೆದದ್ದು, ಯಾವಾಗ ಮರುಪರಿಶೀಲನೆ ಅಂತ ಕೇಳಿ. ಹೋದ ಸಲ ಯಾರು ಬಿದ್ದರು, ಆಮೇಲೆ ಏನು ಬದಲಿಸಿದಿರಿ ಅಂತ ಕೇಳಿದಾಗ ನೆಟ್ಟಗೆ ಉತ್ತರ ಕೊಡುವ ಹೋಮ್ ಒಳ್ಳೆಯದು.

ಇನ್ನೊಂದು ವಿಷಯ. ಬ್ರೋಷರಿನಲ್ಲಿ ಇದು ಇರುವುದಿಲ್ಲ. ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಪ್ರಯೋಗ ಮಾಡಿದರು. 1976ರಲ್ಲಿ ಅದು ಪ್ರಕಟವಾಯಿತು. ಒಂದು ಮಹಡಿಯವರಿಗೆ ನಿಮ್ಮ ದಿನ ನೀವೇ ತೀರ್ಮಾನಿಸಿ ಅಂದರು, ಒಂದೊಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನಾವು ಹಾಕುತ್ತೇವೆ ಅಂದರು. ಮೂರು ವಾರದಲ್ಲಿ ಗಿಡವನ್ನು ತಾವೇ ನೋಡಿಕೊಂಡ ಮಹಡಿಯವರು ಹೆಚ್ಚು ಚುರುಕಾಗಿ, ಖುಷಿಯಾಗಿ ಕಂಡರು. ಚಿಕ್ಕ ಪ್ರಯೋಗ, ಅದರ ಮೇಲೆ ವಾದಗಳೂ ಇವೆ. ಆದರೆ ನನ್ನ ಕಣ್ಣು ನೋಡಿದ್ದೂ ಅದನ್ನೇ. ನಮ್ಮ ಅತ್ತೆಗೆ ಬೆಳಿಗ್ಗೆ ಐದೂವರೆಗೆ ಕಾಫಿ ಬೇಕು. ಕಾರಂಜಿ ಇದ್ದ ಹೋಮಿನಲ್ಲಿ ಕಾಫಿ ಏಳೂವರೆಗೆ, ಎಲ್ಲರಿಗೂ, ಸಕ್ಕರೆ ಹಾಕಿಯೇ. ನಿಯಮ ಅಂದರು.

ದುಡ್ಡಿನ ಮಾತು ನೀವು ನನಗಿಂತ ಚೆನ್ನಾಗಿ ಕೇಳುತ್ತೀರಿ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸು, ಡೈಪರ್ ಲೆಕ್ಕ ಯಾರದು, ವರ್ಷಕ್ಕೆ ಎಷ್ಟು ಏರುತ್ತದೆ. ನಾನು ಸೇರಿಸುವುದು ಎರಡೇ. ಆರೋಗ್ಯ ಕೆಟ್ಟರೆ ಎಷ್ಟು ದಿನದೊಳಗೆ ಕರೆದುಕೊಂಡು ಹೋಗಬೇಕು ಅನ್ನುವ ಸಾಲನ್ನು ಕರಾರಿನಲ್ಲಿ ಹುಡುಕಿ ಓದಿ. ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ, ರಾತ್ರಿ ಆಸ್ಪತ್ರೆಗೆ ಜೊತೆಗೆ ಹೋಗುವವರು ಯಾರು, ಅಲ್ಲಿ ಸಹಿ ಯಾರದು ಅಂತ ಮೊದಲೇ ಬರೆಸಿ. ಯಾವುದೇ ಹೋಮಿನಲ್ಲಿ ಹಿರಿಯರಿಗೆ ಕಿರುಕುಳ ಆಗುತ್ತಿದೆ ಅನಿಸಿದರೆ 14567ಕ್ಕೆ ಫೋನ್ ಮಾಡಿ. ಹಿರಿಯ ನಾಗರಿಕರ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ.

ಅತ್ತೆಯನ್ನು ಎರಡನೇ ತಿಂಗಳಲ್ಲೇ ಬೇರೆ ಕಡೆ ಸೇರಿಸಿದೆವು. ಹಳೇ ಮನೆ, ಗೇಟಿಗೆ ತುಕ್ಕು ಹಿಡಿದಿದೆ, ಹದಿನಾಲ್ಕೇ ಜನ. ಹೊಸ ಹಲ್ಲಿನ ಸೆಟ್ಟಿಗೆ ಅವರೇ ಹೆಸರು ಬರೆದ ಡಬ್ಬಿ ಕೊಟ್ಟರು. ರಾತ್ರಿಯೇ ಫ್ಲಾಸ್ಕಿನಲ್ಲಿ ಬಿಸಿನೀರು ಇಡುತ್ತಾರೆ, ಡಿಕಾಕ್ಷನ್ ನಾವು ಕೊಟ್ಟು ಬರುತ್ತೇವೆ. ಅತ್ತೆಯ ಕಾಫಿ ಅತ್ತೆಯೇ ಬೆರೆಸಿಕೊಳ್ಳುತ್ತಾರೆ. ಒಂದು ದಿನ ಬೆಳಿಗ್ಗೆ ಆರೂವರೆಗೆ ಅಲ್ಲಿಯ ಆಯಾ ನನಗೆ ಫೋನ್ ಮಾಡಿದಳು. "ಅಕ್ಕಾ, ಅಜ್ಜಿ ಇವತ್ತು ಕಾಫಿ ಅರ್ಧ ಬಿಟ್ಟಾರ್ರೀ. ಮಾತೂ ಸ್ವಲ್ಪ ಎಡವಟ್ಟು ಅನಿಸ್ತದ" ಅಂದಳು. ಜ್ವರ ಇರಲಿಲ್ಲ. ಟೆಸ್ಟ್ ಮಾಡಿಸಿದರೆ ಮೂತ್ರದಲ್ಲಿ ಸೋಂಕು. ಈ ವಯಸ್ಸಿನಲ್ಲಿ ಎಷ್ಟೋ ಸಲ ಅದು ಹೀಗೇ ಶುರುವಾಗುತ್ತದೆ. ಐದು ದಿನದ ಮಾತ್ರೆಯಲ್ಲಿ ಹೋಯಿತು. ಅರ್ಧ ಲೋಟ ಕಾಫಿ ಉಳಿದದ್ದನ್ನು ನೋಡಿದವಳು ಅವಳು.

ಸರಿ, ಈಗ ಪ್ರಶ್ನೆಗಳು. ಮೊದಲು ಮೈಕನ್ನು ಕಿಟಕಿ ಪಕ್ಕ ಕೂತ ಯಜಮಾನರಿಗೆ ಕೊಡಿ, ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ.